ಚಿಕ್ಕ ವಯಸ್ಸಿನಲ್ಲಿ ಹೋದವರ ನೆನಪು: ಮೊದಲು ಯಾವುದನ್ನು ಉಳಿಸಿಕೊಳ್ಳಬೇಕು?

ಕೇಳಿದವರು

ನಮ್ಮ ಸೋದರತ್ತೆಯ ಮಗ ಹೋಗಿ ಒಂದು ತಿಂಗಳಾಯಿತು. 31 ವರ್ಷ. ನನಗೆ ಅಣ್ಣನೂ ಅವನೇ, ಗೆಳೆಯನೂ ಅವನೇ. ಎರಡು ವರ್ಷದ ಮಗಳಿದ್ದಾಳೆ. ಅಪ್ಪ ಹೇಗಿದ್ದ ಅಂತ ಅವಳಿಗೆ ಮುಂದೆ ತಿಳಿಯಬೇಕು, ಅಷ್ಟೇ ನಮ್ಮೆಲ್ಲರ ಆಸೆ. ವರ್ಷದ ತಿಥಿಗೆ ನೆನಪಿನ ಪುಸ್ತಕ ತರುವುದು, ಅವನು ಓದಿದ ಹೈಸ್ಕೂಲಿನಲ್ಲಿ ದತ್ತಿ ಇಡುವುದು, ಹೊಲದಲ್ಲಿ ಗಿಡ ನೆಡುವುದು ಅಂತ ಮಾತಾಗಿದೆ. ಫೋನು, ಬಟ್ಟೆ ಇದ್ದ ಹಾಗೇ ಇವೆ. ಬಟ್ಟೆ ಮುಟ್ಟಲು ಅತ್ತೆ ಬಿಡುತ್ತಿಲ್ಲ. ಇಂಥದ್ದನ್ನೆಲ್ಲ ಮಾಡಿ ಗೊತ್ತಿರುವವರು ತಿಳಿಸಿ.

ಮೊಬೈಲ್ ಡೇಟಾ ಕೆಲಸ ಮಾಡುವವರು

ಪುಸ್ತಕ, ದತ್ತಿ ಎಲ್ಲ ಕಾಯುತ್ತವೆ. ಫೋನ್ ಕಾಯುವುದಿಲ್ಲ. ಪ್ರಿಪೇಯ್ಡ್ ಸಿಮ್ ಸುಮಾರು 90 ದಿನ ಬಳಕೆಯಿಲ್ಲದೆ ಬಿದ್ದರೆ ಬಂದ್ ಆಗುತ್ತದೆ, ಆಮೇಲೆ ಆ ನಂಬರ್ ಬೇರೆಯವರ ಪಾಲಾಗುತ್ತದೆ. ವಾಟ್ಸಾಪ್ ಖಾತೆ 120 ದಿನ ಇಂಟರ್‌ನೆಟ್ಟಿಗೆ ಸೇರದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಹಾಗಾಗಿ ಇವತ್ತೇ ಸಿಮ್ಮಿಗೆ ರೀಚಾರ್ಜ್ ಮಾಡಿಸಿ. ಫೋನನ್ನು ವೈಫೈಗೆ ಸೇರಿಸಿಡಿ. ಆ್ಯಪ್ ತೆಗೆದು ಮತ್ತೆ ಹಾಕುವುದು, ರೀಸೆಟ್ ಮಾಡುವುದು, "ಸ್ಪೇಸ್ ಕ್ಲೀನ್" ಒತ್ತುವುದು, ಇವು ಯಾವುದೂ ಬೇಡ.

ಫೋಟೊಗಳು ಹತ್ತು ಜನರ ಹತ್ತಿರ ಇರುತ್ತವೆ. ಧ್ವನಿ ಹಾಗಲ್ಲ, ಮೊದಲು ಕಳೆದುಹೋಗುವುದೇ ಅದು. ಮಗುವಿಗೆ ಅಪ್ಪನ ನೆನಪೇ ಇರುವುದಿಲ್ಲವಾದ್ದರಿಂದ ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಹುಡುಕಬೇಕಾದ ಜಾಗಗಳು:

ಆಂಡ್ರಾಯ್ಡ್ ಫೋನಿನ ಫೈಲ್ ಮ್ಯಾನೇಜರಿನಲ್ಲಿ ಆಂಡ್ರಾಯ್ಡ್ ಫೋಲ್ಡರ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್. ಅಲ್ಲಿ ವಾಯ್ಸ್ ನೋಟ್ಸ್ ಅಂತ ಇರುತ್ತದೆ, ಒಳಗೆ ವಾರಕ್ಕೊಂದು ಫೋಲ್ಡರ್. ಕಡತದ ಹೆಸರು ಪಿಟಿಟಿ ಅಂತ ಶುರುವಾಗುತ್ತದೆ, ಪಕ್ಕದಲ್ಲೇ ತಾರೀಖು. ಕೇಬಲ್ ಹಾಕಿ ಇಡೀ ವಾಟ್ಸಾಪ್ ಫೋಲ್ಡರನ್ನೇ ಕಂಪ್ಯೂಟರಿಗೆ ನಕಲಿಸಿ, ಆರಿಸುವ ಕೆಲಸ ನಿಧಾನಕ್ಕೆ ಆಗಲಿ.

ಅವರು ಕಳಿಸಿದ ವಾಯ್ಸ್ ಮೆಸೇಜುಗಳು ಕೇಳಿಸಿಕೊಂಡವರ ಫೋನಿನಲ್ಲೂ ಇವೆ. ಹೆಂಡತಿ, ಅಮ್ಮ, ಸಹೋದ್ಯೋಗಿಗಳು, ಊರಿನ ಗೆಳೆಯರು, ಪ್ರತಿಯೊಬ್ಬರೂ ಅವರ ಚಾಟ್ ತೆರೆದು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಲಿ. ಮೀಡಿಯಾ ಸಮೇತ ತೆಗೆದರೆ ಇತ್ತೀಚಿನ ಸುಮಾರು 10,000 ಮೆಸೇಜ್ ಮಾತ್ರ ಬರುತ್ತವೆ. ಹಳೆಯವು ಬೇಕಿದ್ದರೆ ಫೋಲ್ಡರಿಗೇ ಹೋಗಬೇಕು. ಯಾರಾದರೂ ಈ ತಿಂಗಳು ಹೊಸ ಫೋನ್ ಕೊಳ್ಳುವವರಿದ್ದರೆ ಅವರನ್ನು ಮೊದಲು ಹಿಡಿಯಿರಿ. ಫೋನ್ ಬದಲಿಸುವಾಗಲೇ ಹೆಚ್ಚು ಹೋಗುವುದು.

ಕೆಲವು ಫೋನುಗಳು ಕರೆಗಳನ್ನು ತಾವಾಗಿಯೇ ರೆಕಾರ್ಡ್ ಮಾಡುತ್ತವೆ. ಬಂಧುಗಳಲ್ಲಿ ವಯಸ್ಸಾದವರ ಫೋನುಗಳಲ್ಲಿ, ಅವರಿಗೇ ಗೊತ್ತಿಲ್ಲದೆ, ಇಂಥ ಫೋಲ್ಡರ್ ತುಂಬಿರುವುದುಂಟು. ಇನ್ನೊಂದು, ಮದುವೆಯ ವಿಡಿಯೊ. ಎಡಿಟ್ ಆದದ್ದರಲ್ಲಿ ಮಾತಿನ ಮೇಲೆ ಹಾಡು ಹಾಕಿರುತ್ತಾರೆ. ವಿಡಿಯೊದವರ ಹತ್ತಿರ ಎಡಿಟ್ ಮಾಡದ ಮೂಲ ಚಿತ್ರೀಕರಣ ಇದೆಯೇ ಕೇಳಿ. ಜಾಗ ಬೇಕಾದಾಗ ಅವರು ಅಳಿಸುತ್ತಾರೆ, ಅದಕ್ಕೇ ಈಗಲೇ ಕೇಳಬೇಕು.

ಸಿಕ್ಕಿದ್ದಕ್ಕೆಲ್ಲ ವರ್ಷ, ತಿಂಗಳು, ಯಾರ ಜತೆ, ಏನು ಮಾತು, ಈ ಕ್ರಮದಲ್ಲಿ ಹೆಸರಿಡಿ. "2023-08-ಅಮ್ಮನಿಗೆ-ಹಬ್ಬದ ಸಾಮಾನು" ಅಂತ ಇದ್ದರೆ ಹತ್ತು ವರ್ಷ ಬಿಟ್ಟು ತೆರೆದವರಿಗೂ ಗೊತ್ತಾಗುತ್ತದೆ. ಎರಡು ಹಾರ್ಡ್ ಡಿಸ್ಕ್, ಒಂದು ಆನ್‌ಲೈನ್ ನಕಲು ಇರಲಿ. ಒಂದು ಡಿಸ್ಕ್ ಬೇರೆ ಊರಿನ ಮನೆಯಲ್ಲಿರಲಿ. ಪೆನ್ ಡ್ರೈವ್ ನಂಬಬೇಡಿ.

ಫೇಸ್‌ಬುಕ್ ಖಾತೆಯನ್ನು ಸ್ಮರಣಾರ್ಥ ಖಾತೆ ಮಾಡಬಹುದು, ಮರಣ ಪ್ರಮಾಣಪತ್ರ ಸಾಕು. ಹುಟ್ಟುಹಬ್ಬದ ಸೂಚನೆ ಎಲ್ಲರಿಗೂ ಹೋಗಿ ಸಂಕಟವಾಗುವುದು ಅದರಿಂದ ನಿಲ್ಲುತ್ತದೆ. ಆದರೆ ಒಮ್ಮೆ ಹಾಗೆ ಮಾಡಿದರೆ ಯಾರೂ ಲಾಗಿನ್ ಆಗಲು ಬರುವುದಿಲ್ಲ. ಎಲ್ಲರಿಗೂ ಕಾಣುವ ಫೋಟೊ, ಬರಹಗಳನ್ನು ಮೊದಲೇ ಇಳಿಸಿಕೊಳ್ಳಿ. ಗೂಗಲ್ ಖಾತೆ ಎರಡು ವರ್ಷ ಬಳಸದೆ ಬಿಟ್ಟರೆ ಅಳಿಸಿಹೋಗಬಹುದು, ಅಲ್ಲಿನ ಫೋಟೊಗಳೂ ಅದರ ಜತೆಗೇ.

ಕೇಳಿದವರು

ಫೋನಿನ ಲಾಕ್ ಯಾರಿಗೂ ಗೊತ್ತಿಲ್ಲ. ಅಂಗಡಿಯವರು ತೆಗೆದುಕೊಡುತ್ತೇವೆ ಅನ್ನುತ್ತಿದ್ದಾರೆ.

ಮೊಬೈಲ್ ಡೇಟಾ ಕೆಲಸ ಮಾಡುವವರು

ಬೀದಿಯ ಅಂಗಡಿಯಲ್ಲಿ "ಲಾಕ್ ತೆಗೆಯುವುದು" ಅಂದರೆ ಬಹುತೇಕ ರೀಸೆಟ್ ಮಾಡುವುದು. ಎಲ್ಲವೂ ಹೋಗುತ್ತದೆ. ಕೊಡಬೇಡಿ. ಊಹಿಸಿ ಊಹಿಸಿ ಪಾಸ್‌ವರ್ಡ್ ಒತ್ತುವುದೂ ಬೇಡ, ಐಫೋನಿನಲ್ಲಿ ಹತ್ತು ತಪ್ಪಿಗೆ ಅಳಿಸುವ ವ್ಯವಸ್ಥೆ ಆನ್ ಆಗಿರಬಹುದು. ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದೇ ಇದೆಯೇ, ಮೆಮೊರಿ ಕಾರ್ಡ್ ಇದೆಯೇ ನೋಡಿ. ಗೂಗಲ್ ಮತ್ತು ಆ್ಯಪಲ್ ಎರಡಕ್ಕೂ ತೀರಿಕೊಂಡವರ ಖಾತೆಗೆ ಕುಟುಂಬದವರು ಅರ್ಜಿ ಹಾಕುವ ದಾರಿ ಇದೆ. ಪಾಸ್‌ವರ್ಡ್ ಕೊಡುವುದಿಲ್ಲ, ದಾಖಲೆ ನೋಡಿ ಕೆಲವು ಸಲ ಒಳಗಿನದನ್ನು ಕೊಡುತ್ತಾರೆ. ಅಲ್ಲಿಯವರೆಗೆ ಫೋನನ್ನು ಅರ್ಧ ಚಾರ್ಜ್ ಮಾಡಿ ತಣ್ಣಗಿನ ಜಾಗದಲ್ಲಿಡಿ, ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತನ್ನಿ. ಪೂರ್ತಿ ಖಾಲಿಯಾಗಿ ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದರೆ ಬ್ಯಾಟರಿ ಕೆಡುತ್ತದೆ.

ಪ್ರೆಸ್ಸಿನವರು

ನೆನಪಿನ ಪುಸ್ತಕದ ಬಗ್ಗೆ. "ಒಂದು ಲೇಖನ ಕೊಡಿ" ಅಂತ ಕೇಳಿದರೆ ಎಲ್ಲರೂ "ಸರಳ, ಸಜ್ಜನ, ಸ್ನೇಹಜೀವಿ" ಅಂತಲೇ ಬರೆಯುತ್ತಾರೆ. ಮಗುವಿಗೆ ಅದರಿಂದ ಅಪ್ಪ ಸಿಗುವುದಿಲ್ಲ. ಪ್ರಶ್ನೆ ಕಳಿಸಿ: ಯಾವ ಊಟಕ್ಕೆ ಓಡಿ ಬರುತ್ತಿದ್ದರು? ಸಿಟ್ಟು ಬಂದರೆ ಏನು ಮಾಡುತ್ತಿದ್ದರು? ನಿಮ್ಮನ್ನು ಏನಂತ ಕರೆಯುತ್ತಿದ್ದರು? ಬರೆಯಲು ಬಾರದ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ, ಅವರ ಭಾಷೆಯಲ್ಲೇ ಇಳಿಸಿ. "ಹಿಂಗ ಅಂತಿದ್ದ" ಅಂದದ್ದನ್ನು "ಹೀಗೆ ಹೇಳುತ್ತಿದ್ದನು" ಅಂತ ತಿದ್ದಬೇಡಿ.

ಪುಟಗಳು ಫಾರಂ ಲೆಕ್ಕದಲ್ಲಿ, ಅಂದರೆ ಒಂದು ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ 16 ಪುಟದ ಕಂತೆಗಳಲ್ಲಿ ಹೋಗುತ್ತವೆ. ಡೆಮಿ 1/8, ಅಂದರೆ ಮಾಮೂಲಿ ಪುಸ್ತಕದ ಅಳತೆಯಲ್ಲಿ 64 ಅಥವಾ 80 ಪುಟ ಒಳ್ಳೆಯ ಗಾತ್ರ. 67 ಪುಟವಾದರೆ ಕೊನೆಗೆ ಖಾಲಿ ಹಾಳೆ ಬರುತ್ತದೆ. 64ರವರೆಗೆ ನಡುವೆ ಪಿನ್ ಹೊಡೆಯಬಹುದು, ಮೇಲಾದರೆ ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್. ಬರಹಕ್ಕೆ 80 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಕಾಗದ, ಫೋಟೊಗಳಿಗೆ 130 ಜಿಎಸ್‌ಎಂ ಆರ್ಟ್ ಪೇಪರಿನ ಒಂದು ಬೇರೆ ಫಾರಂ, ರಕ್ಷಾಪುಟಕ್ಕೆ 300. ನೂರಿನ್ನೂರು ಪ್ರತಿಗೆ ಡಿಜಿಟಲ್ ಮುದ್ರಣವೇ ಸಾಕು, ಆಫ್‌ಸೆಟ್ ದುಬಾರಿಯಾಗುತ್ತದೆ.

ಫೋಟೊಗಳನ್ನು ವಾಟ್ಸಾಪಿನಲ್ಲಿ ಮಾಮೂಲಿ ಥರ ತರಿಸಿಕೊಂಡರೆ ಕುಗ್ಗಿಬಿಡುತ್ತವೆ. "ಡಾಕ್ಯುಮೆಂಟ್" ಆಗಿ ಕಳಿಸಲು ಹೇಳಿ. 6 ಇಂಚು ಅಗಲ ಅಚ್ಚಾಗಬೇಕಾದರೆ 1,800 ಪಿಕ್ಸೆಲ್ ಅಗಲ ಬೇಕು. ಆಲ್ಬಮ್ಮಿನ ಹಳೆ ಫೋಟೊ ಅಂಟಿಕೊಂಡಿದ್ದರೆ ಕೀಳಬೇಡಿ, ಮೇಲಿನ ಪ್ಲಾಸ್ಟಿಕ್ ಹಾಳೆ ಮಾತ್ರ ಎತ್ತಿ ಹಾಳೆ ಸಮೇತ ಸ್ಕ್ಯಾನ್ ಮಾಡಿ.

ಅಕ್ಷರದ ತೊಂದರೆಗೂ ಸಿದ್ಧರಿರಿ. ಮೊಬೈಲಿನಲ್ಲಿ ಬಂದ ಯೂನಿಕೋಡ್ ಬರಹವನ್ನು ಡಿಟಿಪಿಯವರು "ನುಡಿ" ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಅರ್ಕಾವೊತ್ತು, ಒತ್ತಕ್ಷರಗಳು ಜಾಗ ತಪ್ಪುತ್ತವೆ. ಬದಲಿಸಿದ ಮೇಲೆ ಮತ್ತೊಮ್ಮೆ ಕರಡು ತಿದ್ದಲೇಬೇಕು. ಮನೆಯವರಿಗೆ ಆ ಪುಟಗಳನ್ನು ಓದುವಾಗ ಕಣ್ಣು ಮಂಜಾಗುತ್ತದೆ, ತಪ್ಪು ಕಾಣುವುದಿಲ್ಲ. ಕರಡನ್ನು ಹೊರಗಿನವರಿಗೆ ಕೊಡಿ. ತಿಥಿಗೆ ಮೂರು ತಿಂಗಳು ಮೊದಲು ಬರಹ, ಒಂದು ತಿಂಗಳು ಮೊದಲು ಅಂತಿಮ ಕರಡು.

ಕೌದಿ ಹೊಲಿಯುವವರು

ಬಟ್ಟೆ ವಿಷಯದಲ್ಲಿ ನಿಮ್ಮ ಅತ್ತೆಯವರು ಹೇಳುವುದು ಸರಿ. ಈಗಲೇ ಮುಟ್ಟಬೇಡಿ, ಅವರು ತಾವಾಗಿ ಬೀರು ತೆಗೆಯುವವರೆಗೂ ಬಿಡಿ. ಹಾಗಂತ ಯಾರಿಗೂ ಹಂಚಲೂ ಬೇಡಿ. ಒಗೆಯದ ಒಂದು ಅಂಗಿ ಇದ್ದರೆ ಪೂರ್ತಿ ಒಣಗಿರುವುದನ್ನು ನೋಡಿಕೊಂಡು ಜಿಪ್ ಚೀಲದಲ್ಲಿಡಿ. ನುಸಿಗುಳಿಗೆ ಹಾಕಿದರೆ ಅವರ ಮೈವಾಸನೆ ಹೋಗಿ ಗುಳಿಗೆಯ ವಾಸನೆ ಉಳಿಯುತ್ತದೆ.

ಮುಂದೆ ಮಗುವಿಗೆ ಆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ, ಅಂದರೆ ಕೌದಿ ಮಾಡಿಸಬಹುದು. 5 ಅಡಿಗೆ 7 ಅಡಿಯದ್ದಕ್ಕೆ ಎಂಟು ಹತ್ತು ಅಂಗಿ ಬೇಕು. ದೊಡ್ಡ ತುಂಡು ಸಿಗುವುದು ಬೆನ್ನಿನಲ್ಲಿ. ಕಾಲರ್, ಪಟ್ಟಿ, ಹೊಲಿಗೆ ದಪ್ಪಗಿರುವ ಕಡೆ ಬಿಡಿ, ಸೂಜಿ ಮುರಿಯುತ್ತದೆ. ಆದರೆ ಒಂದು ಜೇಬನ್ನು ಹಾಗೇ ಬಿಚ್ಚಿ ಮೇಲೆ ಕೂರಿಸಿ, ಮಗು ಕೈ ಹಾಕುವುದು ಅಲ್ಲಿಗೇ. ಕೆಳಪದರಕ್ಕೆ ಅಜ್ಜಿಯ ಅಥವಾ ಅಮ್ಮನ ಹಳೆಯ ಹತ್ತಿ ಸೀರೆ, ನಡುವೆ ಹಳೇ ಧೋತ್ರ ಒಂದೆರಡು ಪದರ. ಟೀ ಶರ್ಟ್ ಎಳೆದಂತೆ ಹಿಗ್ಗುತ್ತದೆ, ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ಕತ್ತರಿಸಬೇಕು. ಪಾಲಿಸ್ಟರನ್ನೂ ಹತ್ತಿಯನ್ನೂ ಬೆರೆಸಿದರೆ ಮೊದಲ ಒಗೆತಕ್ಕೇ ಸುಕ್ಕುಗಟ್ಟುತ್ತದೆ. ಹತ್ತಿಯನ್ನು ಮೊದಲೇ ನೆನೆಸಿ ಕುಗ್ಗಿಸಿಕೊಳ್ಳಿ. ಅಂಚಿನಿಂದ ಶುರುಮಾಡಿ ನಡುವಿಗೆ ಬರುವ ಹಾಗೆ ಓಡುಹೊಲಿಗೆ ಹಾಕಿದರೆ ಪದರಗಳು ಜರುಗುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಾಗೇ ಹೊಲಿಯುತ್ತಾರೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಹೊಲಿಸುವಾಗ ಅತ್ತೆಯವರೂ ನಾಲ್ಕು ಸಾಲು ಹಾಕಲಿ.

ತೋಟದವರು

ಗಿಡವನ್ನು ತಿಥಿ ಯಾವಾಗ ಬಂದರೂ ಅವತ್ತೇ ನೆಡಬೇಕೆಂದಿಲ್ಲ. ಬೇಸಿಗೆಯಲ್ಲಿ ನೆಟ್ಟು ಒಣಗಿಹೋದರೆ ಮನೆಯವರಿಗೆ ಎರಡನೇ ನೋವು. ಜೂನ್, ಜುಲೈನಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ನೇರಳೆ, ಹೊಂಗೆ ಅಥವಾ ಹಲಸು ನೆಡಿ. ತಂತಿ ಕೆಳಗೆ, ರಸ್ತೆ ಅಂಚಿಗೆ ಬೇಡ. ಮೊದಲ ಎರಡು ಮೂರು ಬೇಸಿಗೆ ನೀರು ಹಾಕುವವರು ಯಾರೆಂದು ನೆಡುವ ಮೊದಲೇ ಗೊತ್ತುಮಾಡಿ.

ನಿವೃತ್ತ ಮುಖ್ಯೋಪಾಧ್ಯಾಯರು

ದತ್ತಿಯ ಮೂಲಧನ ಮುಟ್ಟದೆ ಬಡ್ಡಿಯಲ್ಲಿ ಮಾತ್ರ ಬಹುಮಾನ ಕೊಡುವುದು ಪದ್ಧತಿ. 50,000 ರೂಪಾಯಿಗೆ ಶೇ 6.5ರಂತೆ ವರ್ಷಕ್ಕೆ 3,250 ಬರುತ್ತದೆ. ಅದನ್ನು ಐದು ಮಕ್ಕಳಿಗೆ ಹಂಚುವುದಕ್ಕಿಂತ ಒಬ್ಬರಿಗೆ ಕೊಟ್ಟರೆ ಉಪಯೋಗ. ಹೆಚ್ಚು ಅಂಕದವರಿಗೆ ದತ್ತಿ ಪ್ರತಿ ಶಾಲೆಯಲ್ಲೂ ಇರುತ್ತದೆ. ನಿಮ್ಮ ಅಣ್ಣ ಖೋಖೋ ಆಡುತ್ತಿದ್ದರೋ, ಚಿತ್ರ ಬರೆಯುತ್ತಿದ್ದರೋ, ಅದಕ್ಕೆ ಇಡಿ.

ದತ್ತಿ ನಿಂತುಹೋಗುವುದು ಹೆಚ್ಚಾಗಿ ಕಾಗದಪತ್ರ ಸರಿಯಿಲ್ಲದೆ. ಮುಖ್ಯೋಪಾಧ್ಯಾಯರ ವರ್ಗವಾಗುತ್ತದೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಬದಲಾಗುತ್ತಾರೆ, ಠೇವಣಿ ರಸೀದಿ ಯಾವ ಬೀರುವಿನಲ್ಲಿದೆ ಯಾರಿಗೂ ತಿಳಿಯುವುದಿಲ್ಲ. ಠೇವಣಿ ವ್ಯಕ್ತಿಯ ಹೆಸರಿನಲ್ಲಿ ಬೇಡ, ಶಾಲೆಯ ಹುದ್ದೆಯ ಹೆಸರಿನಲ್ಲಿರಲಿ. ತಾನಾಗಿ ನವೀಕರಣವಾಗುವಂತೆ ಬರೆಸಿ, ಬಡ್ಡಿ ಶಾಲೆಯ ಖಾತೆಗೆ ಜಮಾ ಆಗುವಂತೆ ಮಾಡಿ. ಯಾರಿಗೆ, ಯಾವ ಆಧಾರದ ಮೇಲೆ, ಯಾವ ಕಾರ್ಯಕ್ರಮದಲ್ಲಿ ಕೊಡಬೇಕು, ಒಂದು ವರ್ಷ ಅರ್ಹರಿಲ್ಲದಿದ್ದರೆ ಏನು, ಇಷ್ಟನ್ನೂ ಒಂದು ಪುಟದ ಪತ್ರದಲ್ಲಿ ಬರೆದು ಸಭೆಯ ನಡಾವಳಿಯಲ್ಲಿ ಸೇರಿಸಿ. ಪತ್ರದ ಒಂದು ಪ್ರತಿ, ರಸೀದಿಯ ಜೆರಾಕ್ಸ್ ನಿಮ್ಮ ಮನೆಯಲ್ಲಿರಲಿ. ಪ್ರತಿ ಜೂನ್‌ನಲ್ಲಿ ಮನೆಯಿಂದ ಯಾರಾದರೂ ಒಬ್ಬರು ಶಾಲೆಗೆ ಹೋಗಿ ಠೇವಣಿಯ ಮುಕ್ತಾಯ ದಿನಾಂಕ ನೋಡಿಕೊಂಡು ಬನ್ನಿ. ಮಗು ಸ್ವಲ್ಪ ದೊಡ್ಡವಳಾದ ಮೇಲೆ ಬಹುಮಾನವನ್ನು ಅವಳ ಕೈಯಿಂದಲೇ ಕೊಡಿಸಬಹುದು. ಆದರೆ ಅವಳಿಗೆ ಇಷ್ಟವಿದ್ದರೆ ಮಾತ್ರ. ವೇದಿಕೆಗೆ ಬಲವಂತ ಮಾಡಬೇಡಿ.