ಗುತ್ತಿಗೆದಾರರ ‘30% ಇಂಗಾಲ ಇಳಿಕೆ’ ಲೆಕ್ಕ ನಂಬಬಹುದಾ?

ಪ್ರಶ್ನೆ (ಲೆಕ್ಕದ_ಪುಸ್ತಕ):
ನಾಲ್ಕು ಕಟ್ಟಡ ಕಂಪನಿಗಳಿಗೆ ಇಂಗಾಲ ಇಳಿಕೆಯಲ್ಲಿ ಅಂಕ ಕೊಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಒಬ್ಬರು ಮೂರು ವರ್ಷದಲ್ಲಿ 30% ಇಳಿಸಿದ್ದೇವೆ ಅಂತಾರೆ. ಕೆದಕಿದರೆ, ಒಟ್ಟು ಹೊರಸೂಸುವಿಕೆಯನ್ನು ವಹಿವಾಟಿನ ಹಣಕ್ಕೆ ಭಾಗಿಸಿದ್ದಾರೆ. ಜನರೇಟರುಗಳೆಲ್ಲ ಈಗ ಉಪಗುತ್ತಿಗೆದಾರರ ಹೆಸರಲ್ಲಿವೆ. ಇದಕ್ಕೆ ಎಷ್ಟು ಅಂಕ ಕೊಡಲಿ?

ಉತ್ತರ (ಹಳೇ_ಸೈಟ್_ಎಂಜಿನಿಯರ್):
ಕಟ್ಟುವ ದರ ಏರಿದರೂ ಆ ಅಂಕಿ ಇಳಿಯುತ್ತೆ, ಹೊಗೆ ಇಳಿಯಬೇಕಂತಿಲ್ಲ. ಡೀಸೆಲ್ ಸ್ಕೋಪ್ 1ರಿಂದ (ಕಂಪನಿ ತಾನೇ ಉರಿಸಿದ್ದು) ಸ್ಕೋಪ್ 3ಕ್ಕೆ (ಅದರ ಕೆಲಸಕ್ಕಾಗಿ ಬೇರೆಯವರು ಉರಿಸಿದ್ದು) ಹೋಯ್ತು, ಉರಿಯೋದು ಮಾತ್ರ ಅದೇ ಸೈಟಲ್ಲಿ. ಕಟ್ಟಿದ ಚದರ ಮೀಟರಿಗೆ ಎಷ್ಟು ಕಿಲೋ ಇಂಗಾಲ ಅಂತ ಕೇಳಿ, ಸಾಮಗ್ರಿಯನ್ನೂ ಸೇರಿಸಿ.

ಸಾಮಗ್ರಿ ಅಂದರೆ ಮುಖ್ಯವಾಗಿ ಕಾಂಕ್ರೀಟು, ಕಂಬಿ. ಸಿಮೆಂಟಿನ ಇಂಗಾಲದಲ್ಲಿ ಸುಮಾರು 60% ಬರೋದು ಸುಣ್ಣಕಲ್ಲು ಕಾದು ಒಡೆಯುವಾಗ, ಇಂಧನದಿಂದಲ್ಲ. ಸೈಟ್ ಆಫೀಸಿನ ಮೇಲೆ ಸೋಲಾರ್ ಹಾಕಿದ ಫೋಟೋಗೆ ಅಂಕ ಕೊಡಬೇಡಿ!

ನಾನಿದ್ದ ಒಂದು ಕೆಲಸದಲ್ಲಿ ಅರ್ಧ ಸಿಮೆಂಟಿನ ಬದಲು ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಅಂತ ಒಪ್ಪಿಗೆಯಾಗಿತ್ತು. ಚಳಿ ಬಂತು, ಸ್ಲ್ಯಾಗ್ ಮಿಶ್ರಣ ಬೇಗ ಬಲ ಹಿಡಿಯಲಿಲ್ಲ, ಶಟರಿಂಗ್ ಬಿಚ್ಚೋದು ತಡವಾಯ್ತು. ಮುಂದಿನ ಮಹಡಿಯಿಂದ ಸದ್ದಿಲ್ಲದೆ ಮಾಮೂಲಿ ಸಿಮೆಂಟು. ವರದಿಯಲ್ಲಿ ಮಾತ್ರ ಕೊನೇವರೆಗೂ 50% ಸ್ಲ್ಯಾಗೇ! ಕಾಂಕ್ರೀಟ್ ಲಾರಿಗಳ ಚೀಟಿ ಒಂದೊಂದಾಗಿ ಕೂಡಿಸಿದಾಗಲೇ ಗೊತ್ತಾಗಿದ್ದು. ಕೂಡಿಸಿದವನು ನಾನೇ, ಯಾರೂ ಶಭಾಷ್ ಅನ್ನಲಿಲ್ಲ ಬಿಡಿ.

ಯಾವುದಕ್ಕೆ ಹೋಲಿಸಿ 30% ಅನ್ನೋದನ್ನೂ ಕೇಳಿ. ಯಾರೂ ಕಟ್ಟದಷ್ಟು ದಪ್ಪ ಸ್ಲ್ಯಾಬನ್ನು ಆಧಾರವಾಗಿಟ್ಟರೆ ಏನೂ ಮಾಡದೆ ಇಳಿಕೆ ತೋರಿಸಬಹುದು.

ಉತ್ತರ (ಕಂಬಿ_ಲೆಕ್ಕ):
ಮೇಲಿನವರ ಮಾತು ಸರಿ, ಆದರೆ ಗುತ್ತಿಗೆದಾರನಿಗೂ ನ್ಯಾಯ ಬೇಕಲ್ಲ? ಬುನಾದಿಯ ದಪ್ಪ ನಿರ್ಧರಿಸಿದ್ದು ವಿನ್ಯಾಸಕಾರ. ಕಟ್ಟಡದ ಪರಿಸರ ಲೆಕ್ಕಕ್ಕಿರುವ ಯುರೋಪಿನ ಇಎನ್ 15978 ಮಾನದಂಡದಲ್ಲಿ ಸಾಮಗ್ರಿ ತಯಾರಿ ಎ1–ಎ3, ಸಾಗಣೆ ಎ4, ಸೈಟಿನ ಕೆಲಸ ಎ5 ಅಂತ ಬೇರೆ ಬೇರೆ ಇವೆ. ಅವನ ಕೈಯಲ್ಲಿರೋದು ಖರೀದಿ, ಸಾಗಣೆ, ಪೋಲು, ಡೀಸೆಲ್. ಲೀಟರ್ ಡೀಸೆಲಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್, ಬಿಲ್ಲು ಸಿಕ್ಕರೆ ಲೆಕ್ಕ ಸುಲಭ. ಅಂಕ ಇವಕ್ಕೆ ಕೊಡಿ, ಒಟ್ಟು ಮೊತ್ತವನ್ನು ಪಕ್ಕದಲ್ಲಿ ಬರೆದಿಡಿ.

ಲೆಕ್ಕದ_ಪುಸ್ತಕ:
ನಾಲ್ವರಿಗೂ ಲಾರಿ ಚೀಟಿ ಕೇಳಿದೆ. ಇಬ್ಬರು ಕಳಿಸಿದ್ದಾರೆ, ಒಬ್ಬರು ‘ಹುಡುಕ್ತಿದೀವಿ’ ಅಂದಿದ್ದಾರೆ. 30%ನವರು ಬಣ್ಣದ ಕೈಪಿಡಿ ಕಳಿಸಿದ್ದಾರೆ.