ಇನ್ ಇದ್ರೂ ಬೆಂಕಿ, ಇಲ್ದಿದ್ರೂ ಬೆಂಕಿ

"ಮೇಷ್ಟ್ರೇ, ವಿಸಿಬಲ್ ಅಂದ್ರೆ ಕಾಣುತ್ತೆ, ಇನ್‌ವಿಸಿಬಲ್ ಅಂದ್ರೆ ಕಾಣಲ್ಲ. ಟ್ಯಾಂಕರ್ ಮೇಲೆ ಇನ್‌ಫ್ಲೇಮಬಲ್ ಅಂತ ಬರ್ದವ್ರೆ. ಅಂದ್ರೆ ಹತ್ಕೊಳ್ಳಲ್ಲ ತಾನೆ?" ಅಂತ ಸೀನ ಬೀಡಿ ಹಚ್ಚಿದ. ಹಾಸನ ಬೈಪಾಸ್ ಪಕ್ಕದ ಗೂಡಂಗಡಿ. ಎದುರಿಗೇ ಮಂಗಳೂರಿಂದ ಶಿರಾಡಿ ಘಾಟಿ ಹತ್ತಿ ಬಂದ ಗ್ಯಾಸ್ ಟ್ಯಾಂಕರ್.

"ಮೊದ್ಲು ಆರ್ಸು ಮಾರಾಯ!" ಮೇಷ್ಟ್ರ ಕಾಫಿ ಪಂಚೆ ಮೇಲೆ ಚೆಲ್ಲಿತು. "ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಹತ್ಕೊಳ್ಳೋವೇ. ಲ್ಯಾಟಿನ್ನಲ್ಲಿ ಇನ್ ಎರಡಿದೆ. ಒಂದು 'ಇಲ್ಲ', ಇನ್ನೊಂದು 'ಒಳಗೆ'. ಇದು ಎರಡನೇದು. ನಿನ್ನಂಥೋರು ಅಮೆರಿಕದಲ್ಲೂ ಇದ್ರು. ಅದಕ್ಕೇ 1920ರ ದಶಕದಲ್ಲಿ ಅಲ್ಲಿನ ಬೆಂಕಿ ಸುರಕ್ಷತೆ ಸಂಘ ಎನ್‌ಎಫ್‌ಪಿಎ, ಆ ಇನ್ ತೆಗೆದು ಬರೀರಪ್ಪಾ ಅಂತ ಗಂಟುಬಿತ್ತು."

"ನಮ್ಮೋರು ಇನ್ನೂ ತೆಗ್ದಿಲ್ವಲ್ಲ?"

"ಪೇಂಟ್ ಖರ್ಚು," ಅಂದ ರಂಗ. ಅವನ ಸಂಕಟವೇ ಬೇರೆ. ಮಗಳು ಪರೀಕ್ಷೆಯಲ್ಲಿ 'ಲರ್ನ್ಡ್' ಅಂತ ಬರೆದಿದ್ದಕ್ಕೆ ಸ್ಕೂಲಲ್ಲಿ 'ಲರ್ನ್ಟ್' ಅಂತ ತಿದ್ದಿ ಅರ್ಧ ಮಾರ್ಕು ಕಿತ್ತಿದ್ದರು.

"ಎರಡೂ ಸರಿ ಕಣಯ್ಯ. ಬ್ರಿಟಿಷರು ಎರಡನ್ನೂ ಬರೀತಾರೆ. ಅಮೆರಿಕದಲ್ಲಿ ಇಡಿ ಜಾಸ್ತಿ."

ಇಡಿ ಅಂದ ತಕ್ಷಣ ಪಕ್ಕದ ಬೆಂಚಿನ ಕಂಟ್ರಾಕ್ಟರು ಗಾಬರಿಯಿಂದ ತಿರುಗಿ ನೋಡಿದರು. ಕೊನೇ ಎರಡಕ್ಷರದ ಮಾತು ಅಂತ ನಾನೇ ಸಮಾಧಾನ ಹೇಳಬೇಕಾಯ್ತು.

"ಹಂಗಾದ್ರೆ ಹಂಗ್, ಹ್ಯಾಂಗ್ಡ್ ಕೂಡ ಒಂದೇನಾ?"

"ಅಲ್ಲೇ ಎಡವೋದು. ತಂತಿ ಮೇಲಿನ ಬಟ್ಟೆ ಹಂಗ್. ಗಲ್ಲಿಗೇರಿಸಿದ ಮನುಷ್ಯ ಹ್ಯಾಂಗ್ಡ್."

"ಹ್ಯಾಂಗ ಅನ್ನೋದು ಹುಬ್ಬಳ್ಳಿ ಕಡೆಯೋರು, ನಮ್ದು ಹೆಂಗೆ," ಅಂದ ಸೀನ. ನಕ್ಕೂ ನಕ್ಕೂ ಮೇಷ್ಟ್ರಿಗೆ ಕೆಮ್ಮು ಬಂತು.

ಸೀನನ ಮಾತು ತೀರಾ ಅಡ್ಡಾದಿಡ್ಡಿ ಏನಲ್ಲ. ಮನೇಲಿ 'ಬಂದವ್ನೆ', ಭಾಷಣದಲ್ಲಿ 'ಬಂದಿದ್ದಾನೆ' ಅಂತ ನಾವೇ ಸಲೀಸಾಗಿ ದಾಟಿಕೊಂಡು ಓಡಾಡ್ತೀವಿ. ಇಂಗ್ಲಿಷ್ ಅಂದ ಕೂಡಲೇ ಒಂದೇ ಸರಿ ಅಂತ ಕೋಲು ಹಿಡಿದು ಕೂರೋದು ಯಾಕೋ! 'ಗಾಟ್' ಅನ್ನೋ ಕಡೆ 'ಗಾಟನ್' ಅನ್ನೋದು ಅಮೆರಿಕದೋರು ಕೆಡಿಸಿದ ಮಾತು ಅಂತ ನಾನೂ ನಂಬಿದ್ದೆ. ಅದು ಇಂಗ್ಲೆಂಡಿನದೇ ಹಳೇ ಸರಕಂತೆ. ಅವರು ಬಿಟ್ಟರು, ಇವರು ಇಟ್ಟುಕೊಂಡರು.

"ಆ ಅರ್ಧ ಮಾರ್ಕು ವಾಪಸ್ ಕೇಳ್ಲಾ ಮೇಷ್ಟ್ರೇ?"

"ಕೇಳು. ಅರ್ಜಿನ 'ಲರ್ನೆಡ್ ಮೇಡಂ' ಅಂತ್ಲೇ ಶುರು ಮಾಡು. ಸ್ಪೆಲ್ಲಿಂಗು ಅದೇ, ಅರ್ಥ ಮಾತ್ರ ಪಂಡಿತರು ಅಂತ. ಅದನ್ನೂ ಕೆಂಪು ಪೆನ್ನಲ್ಲಿ ಹೊಡೀತಾರೇನೋ ನೋಡಾಣ."