ಪದಚರ್ಚೆ: ಎಲ್‌ಸಿಆರ್ ಮೀಟರಿನ ‘ಸೀರೀಸ್’, ‘ಪ್ಯಾರಲಲ್’ ಗುಂಡಿಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ಮಿತ್ರರೇ, 1970ರ ದಶಕದ ಎಚ್‌ಪಿ 4262ಎ ಎಲ್‌ಸಿಆರ್ ಮೀಟರಿಗೆ (ಇಂಡಕ್ಟೆನ್ಸ್, ಕೆಪಾಸಿಟೆನ್ಸ್, ರೆಸಿಸ್ಟೆನ್ಸ್ ಅಳೆಯುವ ಉಪಕರಣ) ಕನ್ನಡದಲ್ಲಿ ಕೈಪಿಡಿ ಬರೆಯಬೇಕಾಗಿದೆ. ಮುಂಭಾಗದಲ್ಲಿ ‘ಸರ್ಕ್ಯೂಟ್ ಮೋಡ್’ ಎಂಬಲ್ಲಿ ಆಟೊ, ಪ್ಯಾರಲಲ್, ಸೀರೀಸ್ ಎಂದು ಆಯ್ಕೆಗಳಿವೆ. ಪಠ್ಯಪುಸ್ತಕದ ‘ಸರಣಿ ಜೋಡಣೆ’, ‘ಸಮಾಂತರ ಜೋಡಣೆ’ ಎಂದು ಬರೆದರೆ, ಎರಡು ಕೆಪಾಸಿಟರುಗಳನ್ನು ಹಾಗೆ ಜೋಡಿಸಿ ಅಳೆಯಬೇಕೆಂಬ ಅರ್ಥ ಬರುತ್ತದೆ. ಸಿಕ್ಕಿಸುವುದು ಒಂದನ್ನೇ. ಸರಿಯಾದ ಮಾತು ಯಾವುದು?

ಉತ್ತರ: ‘ಜೋಡಣೆ’ ಬೇಡವೇ ಬೇಡ. ‘ಸರಣಿ ಲೆಕ್ಕ’, ‘ಸಮಾಂತರ ಲೆಕ್ಕ’ ಎನ್ನಿ. ಗುಂಡಿ ಬದಲಿಸುವುದು ಲೆಕ್ಕವನ್ನೇ: ಒಂದೇ ಕೆಪಾಸಿಟರಿನ ನಷ್ಟವನ್ನು ಅದರೊಂದಿಗೆ ಸರಣಿಯಲ್ಲಿರುವ ರೋಧವೆಂದು ಎಣಿಸುವುದೋ ಸಮಾಂತರದಲ್ಲಿರುವ ರೋಧವೆಂದು ಎಣಿಸುವುದೋ ಎಂಬುದನ್ನು.

ಮೀಟರು 120 ಹರ್ಟ್ಸ್, 1 ಕಿಲೋಹರ್ಟ್ಸ್ ಅಥವಾ 10 ಕಿಲೋಹರ್ಟ್ಸ್‌ನ ಎಸಿ ವೋಲ್ಟೇಜನ್ನು ಕೆಪಾಸಿಟರಿಗೆ ಕೊಡುತ್ತದೆ. ಅದರಲ್ಲಿ ಹರಿದ ಕರೆಂಟೇ ಒಳಗಿನ ನಿಖರ ರೆಸಿಸ್ಟರಿನಲ್ಲೂ ಹರಿಯುತ್ತದೆ. ಈ ಎರಡರ ವೋಲ್ಟೇಜುಗಳನ್ನು ಹೋಲಿಸಿ, ಒಂದೇ ಫೇಸಿನಲ್ಲಿರುವ (ಜೊತೆಜೊತೆಯಾಗಿ ಏರಿಳಿಯುವ) ಪಾಲನ್ನೂ 90 ಡಿಗ್ರಿ ಸರಿದ ಪಾಲನ್ನೂ ಬೇರ್ಪಡಿಸಲಾಗುತ್ತದೆ. ಕರೆಂಟಿನ ಫೇಸನ್ನು ಆಧಾರವಾಗಿ ಹಿಡಿದರೆ ಸರಣಿ ಲೆಕ್ಕ, ಕೆಪಾಸಿಟರಿನ ವೋಲ್ಟೇಜಿನ ಫೇಸನ್ನು ಹಿಡಿದರೆ ಸಮಾಂತರ ಲೆಕ್ಕ. ಗುಂಡಿಯ ನಿಜವಾದ ಅರ್ಥ ಇಷ್ಟೇ.

ಆ ಕಾಲದ ಮೀಟರುಗಳಲ್ಲಿ ಅಂಕಿ ಮೂಡುವುದು ಡ್ಯುಯಲ್ ಸ್ಲೋಪ್ ವಿಧಾನದಿಂದ: ಇಂಟಿಗ್ರೇಟರ್ (ವೋಲ್ಟೇಜನ್ನು ಹೊತ್ತು ಕಳೆದಂತೆ ಕೂಡಿಸುತ್ತ ಹೋಗುವ ಸರ್ಕ್ಯೂಟು) ಒಂದು ವೋಲ್ಟೇಜಿನಿಂದ ಗೊತ್ತುಪಡಿಸಿದಷ್ಟು ಹೊತ್ತು ಏರಿ, ಇನ್ನೊಂದರಿಂದ ಸೊನ್ನೆಗೆ ಇಳಿಯುತ್ತದೆ. ಇಳಿಯುವಾಗ ಎಣಿಸಿದ ಕ್ಲಾಕ್ ಪಲ್ಸುಗಳೇ ಅಳತೆ. ಎಣಿಸುವುದು ಅನುಪಾತವನ್ನಾದ್ದರಿಂದ ಆಸಿಲೇಟರಿನ ವೋಲ್ಟೇಜು ತುಸು ಹೆಚ್ಚುಕಡಿಮೆಯಾದರೂ ಫಲಿತಾಂಶ ಕೆಡುವುದಿಲ್ಲ. ಇದಕ್ಕೆ ‘ದ್ವಿ ಇಳಿಜಾರು’ ಎಂದು ಕೆಲವರು ಬರೆಯುತ್ತಾರೆ. ಇಳಿಜಾರು ಎರಡಿಲ್ಲ, ಒಂದು ಏರು. ‘ಏರಿಳಿ ಎಣಿಕೆ’ ನನಗೆ ಒಪ್ಪುತ್ತದೆ.

ಕೈಪಿಡಿಯಲ್ಲಿ ಒಂದು ಉದಾಹರಣೆ ಇರಲಿ. 1000 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಒಳರೋಧ 0.08 ಓಮ್. 1 ಕಿಲೋಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ (ಎಸಿಗೆ ಕೆಪಾಸಿಟರ್ ಒಡ್ಡುವ ತಡೆ) ಸುಮಾರು 0.16 ಓಮ್, ಹಾಗಾಗಿ ಡಿ, ಅಂದರೆ ಒಳರೋಧವನ್ನು ರಿಯಾಕ್ಟೆನ್ಸಿನಿಂದ ಭಾಗಿಸಿದಾಗ ಸಿಗುವ ನಷ್ಟದ ಅಳತೆ, 0.5. ಸರಣಿ ಲೆಕ್ಕದಲ್ಲಿ 1000 ಬರುವಲ್ಲಿ ಸಮಾಂತರ ಲೆಕ್ಕದಲ್ಲಿ ಸುಮಾರು 800 ಬರುತ್ತದೆ; ಸರಣಿಯ ಅಂಕಿಯನ್ನು 1+ಡಿ² ಇಂದ ಭಾಗಿಸಿದರೆ ಇದೇ ಸಿಗುತ್ತದೆ. ಕ್ಲಿಪ್‌ನ ತಂತಿ 0.05 ಓಮ್ ಸೇರಿಸಿದರೆ ಸಮಾಂತರದ್ದು 600ಕ್ಕೆ ಕುಸಿಯುತ್ತದೆ, ಸರಣಿಯದು ಕದಲುವುದಿಲ್ಲ. ಒಳ್ಳೆಯ ಕೆಪಾಸಿಟರನ್ನು ಹಾಳಾಗಿದೆಯೆಂದು ಎಸೆಯುವುದು ಇಂಥಲ್ಲೇ. ಅದನ್ನೇ 120 ಹರ್ಟ್ಸ್‌ನಲ್ಲಿ ಅಳೆದರೆ ಡಿ 0.06ಕ್ಕೆ ಇಳಿದು, ಎರಡು ಲೆಕ್ಕಗಳ ಅಂತರ ಅರ್ಧ ಶೇಕಡವನ್ನೂ ಮುಟ್ಟುವುದಿಲ್ಲ.

ದೊಡ್ಡ ಕೆಪಾಸಿಟರಿಗೆ ಸರಣಿ ಲೆಕ್ಕ, ಪಿಕೋಫ್ಯಾರಡ್‌ಗಳಿಗೆ ಸಮಾಂತರ ಲೆಕ್ಕ ಎಂದು ಬರೆಯಿರಿ. ಡಿ ಗೆ ‘ನಷ್ಟಾಂಕ’ ಸಾಕು. ಕೆಪಾಸಿಟರಿಗೆ ‘ಧಾರಕ’ ಪಠ್ಯದಲ್ಲಿದೆ, ಆದರೆ ರಿಪೇರಿ ಮೇಜಿನ ಮೇಲೆ ಯಾರೂ ಹಾಗೆನ್ನುವುದಿಲ್ಲ. ಕೆಪಾಸಿಟರ್ ಎಂದೇ ಇರಲಿ. ಸಿಕ್ಕಿಸುವ ಮೊದಲು ಅದನ್ನು ಡಿಸ್‌ಚಾರ್ಜ್ ಮಾಡಬೇಕೆಂಬ ಎಚ್ಚರಿಕೆಯನ್ನು ಮೊದಲ ಪುಟದಲ್ಲೇ ಹಾಕಿ.